ಸೈದಪ್ಪನ ನಾಲ್ಕು ಗೇಮು

ಜಗತ್ತಿನಲ್ಲಿ ಈವರೆಗೆ ಹುಟ್ಟಿದ ಟೆನಿಸ್ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬ ವಾದ 1954ರ ಮಳೆಗಾಲದಲ್ಲಿ ಅಕ್ಕಲಕೋಟೆಯ ಕ್ಲಬ್ಬಿನಲ್ಲಿ ಆರು ವಾರ ನಡೆಯಿತು. ವಾದ ಮಾಡಿದವರಲ್ಲಿ ಒಬ್ಬರೂ ಆ ದೊಡ್ಡವರನ್ನು ಕಣ್ಣಿನಿಂದ ಕಂಡವರಲ್ಲ. ಅದರಿಂದ ವಾದಕ್ಕೇನೂ ಅಡ್ಡಿಯಾಗಲಿಲ್ಲ. ಮುಂಬೈ ಪೇಪರು ಸೋಲಾಪುರಕ್ಕೆ ಬಂದು ಅಲ್ಲಿಂದ ಬಸ್ಸಿನಲ್ಲಿ ಮರುದಿನ ಅಕ್ಕಲಕೋಟೆ ಸೇರುತ್ತಿತ್ತು. ಅದರಲ್ಲಿ ಗೇಣುದ್ದದ ಸುದ್ದಿ ಇದ್ದರೆ ಇವರ ಬಾಯಲ್ಲಿ ಅದು ಮಾರುದ್ದ ಆಗುತ್ತಿತ್ತು.

ಆಡಲಿಕ್ಕೆ ಆಗದಿದ್ದರೆ ಮಾತಾಡಲೇಬೇಕಲ್ಲ. ಕೋರ್ಟು ಮಣ್ಣಿನದು, ಮೇಲೆ ಸೆಗಣಿ ಸಾರಿಸಿದ್ದು. ಒಂದು ಮಳೆ ಬಿದ್ದರೆ ಎಂಟು ದಿನ ಕಾಲಿಡುವಂತಿಲ್ಲ. ಹಾಗಾಗಿ ಮೆಂಬರರು ಪಡಸಾಲೆಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು, ಭಜಿ ತಿನ್ನುತ್ತ, ಅಮೇರಿಕಾದವರನ್ನು ಗೆಲ್ಲಿಸಿ ಸೋಲಿಸಿ ಮನೆಗೆ ಹೋಗುತ್ತಿದ್ದರು.

ನಾನು ಭಗವಂತ. ಸೋಲಾಪುರದ ಒಂದು ಗಿರಣಿಯ ಟೈಮ್ ಆಫೀಸಿನಲ್ಲಿ ಕಾರಕೂನ. ರವಿವಾರ ಅಕ್ಕಲಕೋಟೆಗೆ ಬಂದರೆ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ಈ ಮಾತು ಕೇಳುತ್ತಿದ್ದೆ. ಯಾಕೆಂದರೆ ನನ್ನ ಅಪ್ಪ ಸೈದಪ್ಪ ಆ ಕ್ಲಬ್ಬಿನ ಮಾರ್ಕರ್. ನೆಟ್ಟು ಕಟ್ಟುವುದು, ಸುಣ್ಣದ ಗೆರೆ ಎಳೆಯುವುದು, ಜೋಡಿ ಸಿಗದ ಮೆಂಬರರ ಎದುರು ನಿಂತು ಆಡಿ ಸೋಲುವುದು ಅವನ ಕೆಲಸ. ನನ್ನ ಅವ್ವ ಭಾಗಾಬಾಯಿ ಆ ಕೋರ್ಟಿಗೆ ಸೆಗಣಿ ಸಾರಿಸುವವಳು. ಇಪ್ಪತ್ತೈದು ವರ್ಷದ ಹಿಂದೆ ಭಂಡಾರಕವಠೆಯಿಂದ ಬಂದವರು, ಕ್ಲಬ್ಬಿನ ಹಿಂದಿನ ಖೋಲಿಯಲ್ಲಿ ಉಳಿದುಬಿಟ್ಟರು. ನಾನು ಹುಟ್ಟಿದ್ದೂ ಅಲ್ಲೇ.

ಅವ್ವನದು ಒಂದು ಹಳೆಯ ಗೊಣಗಾಟ. ಹಿಂದಿನ ದಿನದ ಆಟಕ್ಕೆ ಕಿತ್ತ ಜಾಗ ಸಾರಿಸಲು ಪ್ರತಿ ಮುಂಜಾನೆ ಸೆಗಣಿ ಬುಟ್ಟಿ ಹೊತ್ತು ಬಂದು, "ಸಾಹೇಬರ ಕಡಿ ಎರಡು ಬುಟ್ಟಿ ಬೇಕು, ನಿಮ್ಮಪ್ಪನ ಕಡಿ ಒಂದು ಹಿಡಿ ಸಾಕು" ಎನ್ನುವಳು. ಸಾಹೇಬರೆಂದರೆ ಮೆಂಬರರು. ನಾನು ಅದಕ್ಕೆ ಯಾವತ್ತೂ ಕಿವಿ ಕೊಟ್ಟವನಲ್ಲ. ಹೆಂಗಸರ ಮಾತು ಎಂದು ಬಿಟ್ಟಿದ್ದೆ. ನನ್ನ ಕಾಲೂ ಆಗ ನೆಲದ ಮೇಲೆ ಇರಲಿಲ್ಲ ಅನ್ನಿ.

ವಾದದಲ್ಲಿ ಎರಡು ಪಕ್ಷ, ಅಮೇರಿಕಾದ ಇಬ್ಬರು ಆಟಗಾರರ ಹೆಸರಿನಲ್ಲಿ. ಕ್ಲಬ್ಬಿನ ಸೆಕ್ರೆಟರಿ ವಕೀಲ ಶಾಂತಲಿಂಗಪ್ಪ ಟಿಲ್ಡನ್‌ನ ಕಡೆ. ಡಾಕ್ಟರ್ ಕಲ್ಯಾಣಪ್ಪ ಬಜ್‌ನ ಕಡೆ. ಹೊಟ್ಟೆಯ ಮೇಲೆ ಕೈ ಕಟ್ಟಿ ಕೂಡುವ ಮಲಕಾಜಪ್ಪ ಪಾಟೀಲರು ಯಾರು ಕೊನೆಗೆ ಮಾತಾಡಿದರೋ ಅವರ ಕಡೆ.

"ಮೂವತ್ತೆಂಟನೇ ಇಸವಿದಾಗ ನಾಕೂ ದೊಡ್ಡ ಪಂದ್ಯ ಬಜ್ ಒಬ್ಬನ ಗೆದ್ದಾನ. ಟಿಲ್ಡನ್ ಗೆದ್ದಾನೇನ್ರಿ?" ಎಂದರು ಡಾಕ್ಟರು.

"ಟಿಲ್ಡನ್ ವಿಂಬಲ್ಡನ್ ಗೆದ್ದಾಗ ನಿಮ್ಮ ಬಜ್ ಇನ್ನಾ ಮೂಗು ಒರಸ್ಕೋತಿದ್ದ," ಎಂದರು ವಕೀಲರು.

"ಮುಂದ ಇಬ್ಬರೂ ಎದರಾಬದರ ಆಡ್ಯಾರಲ್ರಿ. ಬಜ್ ಹೊಡದು ಹಾಕ್ಯಾನ."

"ಆವಾಗ ಟಿಲ್ಡನ್‌ಗ ಐವತ್ತು ಬರಾಕತ್ತಿತ್ತು, ಡಾಕ್ಟರಸಾಹೇಬ್ರ. ಮುದುಕನ್ನ ಹೊಡದವ ದೊಡ್ಡವ ಆಗ್ತಾನೇನು?"

ಆ ಮಾತು ನನಗೆ ಚುಚ್ಚಿತು. ನಾನೂ ಒಬ್ಬ ಮುದುಕನನ್ನು ಹೊಡೆದವನೇ. ಐದು ವರ್ಷದ ಹಿಂದೆ, ನೌಕರಿಗೆಂದು ಸೋಲಾಪುರಕ್ಕೆ ಹೊರಡುವ ದಿನ, ಅದೇ ಕೋರ್ಟಿನಲ್ಲಿ ಅಪ್ಪನ ಎದುರು ಒಂದು ಸೆಟ್ಟು ಆಡಿ ಗೆದ್ದಿದ್ದೆ. ಆರು ಗೇಮು ನನ್ನವು, ನಾಲ್ಕು ಅವನವು. ನನಗಾಗ ಹತ್ತೊಂಬತ್ತು. ಅವತ್ತೇ ನನಗೆ ಅನಿಸಿತ್ತು, ಇವನ ಹತ್ತಿರ ಇನ್ನೇನೂ ಉಳಿದಿಲ್ಲ ಎಂದು. ಸೋಲಾಪುರದಲ್ಲಿ ರೇಲ್ವೆಯವರ ಕೋರ್ಟಿಗೆ ಹೋಗಿ ಆಡತೊಡಗಿದೆ, ಅಲ್ಲಿ ನನ್ನನ್ನು ಸೋಲಿಸುವವರು ಇಬ್ಬರೇ ಇದ್ದರು. ಆರು-ನಾಲ್ಕರ ಕಥೆಯನ್ನು ಅಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳುವಾಗ ಅಪ್ಪನ ಬಗ್ಗೆ ಸ್ವಲ್ಪ ಕನಿಕರವನ್ನೂ ಸೇರಿಸುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಕೀಲರು ಒಂದು ಹೊಸ ಯುಕ್ತಿ ತೆಗೆದರು. ಬೇರೆ ಬೇರೆ ಕಾಲದ ಇಬ್ಬರನ್ನು ತೂಗಬೇಕಾದರೆ, ಇಬ್ಬರ ಎದುರೂ ಆಡಿದ ಮೂರನೆಯವನೊಬ್ಬ ಬೇಕು. ಅವನ ಮೇಲೆ ಯಾರು ಎಷ್ಟು ಗೆದ್ದರು ಎಂದು ನೋಡಿದರೆ ನಿರ್ಣಯ ಸಿಗುತ್ತದೆ. ಅಮೇರಿಕಾದಲ್ಲಿ ಅಂಥವನನ್ನು ಹುಡುಕಲು ಆಗಲಿಲ್ಲ. ಆಗ ಪಾಟೀಲರು ಹೊಟ್ಟೆಯ ಮೇಲಿನ ಕೈ ತೆಗೆದು, "ಅಮೇರಿಕಾದ್ದು ಬಿಡ್ರಿ. ನಮ್ಮ ಕ್ಲಬ್ಬಿನಾಗ ಈ ಇಪ್ಪತ್ತೈದು ವರ್ಷದಾಗ ದೊಡ್ಡವ ಯಾರು? ಅದನ್ನ ಹೇಳ್ರಿ" ಎಂದರು.

ಪಡಸಾಲೆ ಒಮ್ಮೆಲೇ ಬಿಸಿಯಾಯಿತು. ಟಿಲ್ಡನ್‌ನಿಗಾಗಿ ಮಾತಾಡುವಾಗ ನಗುತ್ತಿದ್ದವರು ತಮಗಾಗಿ ಮಾತಾಡುವಾಗ ನಗಲಿಲ್ಲ. ಆ ದಸರೆಗೆ ಕ್ಲಬ್ಬಿಗೆ ಇಪ್ಪತ್ತೈದು ತುಂಬುತ್ತಿತ್ತು. ಒಂದು ತೇಗದ ಹಲಗೆ ಮಾಡಿಸಿ ಅದರ ಮೇಲೆ ಆ ಒಬ್ಬನ ಹೆಸರು ಬರೆಸಿ ಗೋಡೆಗೆ ಹಾಕುವುದೆಂದು ಠರಾವಾಯಿತು. ತೂಗುವುದು ಹೇಗೆ? ಮೂರನೆಯವನು ಅಲ್ಲೇ ಕಂಬಕ್ಕೆ ಒರಗಿ ಟವಲ್ ಹಿಡಿದು ನಿಂತಿದ್ದ. ಸತ್ತವರು, ವರ್ಗವಾಗಿ ಹೋದವರು, ಈಗ ಇದ್ದವರು, ಎಲ್ಲರ ಎದುರೂ ಆಡಿದವನು ಸೈದಪ್ಪನೊಬ್ಬನೇ. ಮಾರ್ಕರ್ ಜೊತೆಗಿನ ಪ್ರತಿ ಆಟವನ್ನು ಮೆಂಬರರು ತಮ್ಮ ಕೈಯಾರೆ ದಫ್ತರದಲ್ಲಿ ಬರೆದು ಸಹಿ ಮಾಡುವ ಕಾಯ್ದೆ ಮೊದಲಿನಿಂದ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ.

"ಭಗವಂತನ ಅಕ್ಷರ ಮುತ್ತಿನಂಗ ಅದಾವ. ಅಂವ ಯಾದಿ ಮಾಡ್ಲಿ," ಎಂದರು ವಕೀಲರು.

ನಾಲ್ಕು ದಫ್ತರಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಬಂದ. ಏನೋ ಹೇಳುವವನಂತೆ ಎರಡು ಸಲ ಬಾಯಿ ತೆರೆದು, "ಮಳೀಗೆ ತೋಯಿಸಬ್ಯಾಡ" ಎಂದಷ್ಟೇ ಹೇಳಿದ.

ಸೋಲಾಪುರದ ನವಿ ಪೇಠೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನನ್ನ ಖೋಲಿ. ಸಂಜೆ ಗಿರಣಿ ಬಿಟ್ಟ ಮೇಲೆ ಕುಳಿತು ಬರೆಯತೊಡಗಿದೆ. ಮೊದಲು ಡಾಕ್ಟರರ ಪುಟ. ಆರು-ನಾಲ್ಕು, ಆರು-ನಾಲ್ಕು, ಆರು-ನಾಲ್ಕು. ಅಪರೂಪಕ್ಕೆ ಒಂದು ಆರು-ಮೂರು. ಡಾಕ್ಟರರು ಗಟ್ಟಿ ಆಟಗಾರರೇ ಅಂದುಕೊಂಡೆ. ಮುಂದೆ ವಕೀಲರ ಪುಟ. ಆರು-ನಾಲ್ಕು. ಪಾಟೀಲರ ಪುಟ ತೆರೆದಾಗ ನಗು ಬಂತು, ಯಾಕೆಂದರೆ ಪಾಟೀಲರು ನೆಟ್ಟಿನವರೆಗೆ ನಡೆದು ಹೋದರೂ ದಣಿಯುತ್ತಿದ್ದರು. ಅಲ್ಲೂ ಆರು-ನಾಲ್ಕು. ಪುಣೆಯಲ್ಲಿ ಟೆನಿಸ್ ಕಪ್ ಗೆದ್ದು ರಜೆಗೆ ಬಂದ ಒಬ್ಬ ಕ್ಯಾಪ್ಟನ್, ಆರು-ನಾಲ್ಕು. ಕಣ್ಣು ಮಂಜಾದ ನಿವೃತ್ತ ಮಾಮಲೇದಾರರು, ಆರು-ನಾಲ್ಕು. ಮೂವತ್ತೊಂದು ಮಂದಿ, ಮೂವತ್ತೊಂದು ಕೈಬರಹ, ಮೂವತ್ತೊಂದು ಸಹಿ. ಪ್ರತಿಯೊಬ್ಬನೂ ತನ್ನ ಪುಟವನ್ನಷ್ಟೇ ನೋಡಿದ್ದ, ಪಕ್ಕದ ಪುಟ ಯಾರೂ ತಿರುವಿರಲಿಲ್ಲ.

ಪೆನ್ನು ಕೆಳಗಿಟ್ಟೆ. ಕುಳಿತಿರಲು ಆಗಲಿಲ್ಲ. ಕೆಳಗಿಳಿದು ಪೇಠೆಯ ಈ ತುದಿಯಿಂದ ಆ ತುದಿಗೆ ನಡೆದೆ, ಮತ್ತೆ ಈ ತುದಿಗೆ ಬಂದೆ. ಅಂಗಡಿಯವರು ಬಟ್ಟೆಯ ಥಾನು ಸುತ್ತಿ ಬಾಗಿಲು ಹಾಕುತ್ತಿದ್ದರು. ಒಬ್ಬ ಪರಿಚಯದವನು "ಕಾಯ್ ಭಗವಂತರಾವ್, ಏನು ಕಳಕೊಂಡ್ರಿ?" ಎಂದು ಕೇಳಿದ. ಏನು ಹೇಳಲಿ? ನನ್ನ ಆರು-ನಾಲ್ಕು ಕಳೆದುಹೋಗಿತ್ತು. ದಫ್ತರದಲ್ಲಿ ನನಗೆ ಪುಟ ಇರಲಿಲ್ಲ ಅಷ್ಟೇ. ಇದ್ದಿದ್ದರೆ ನಾನು ಮೂವತ್ತೆರಡನೆಯವನು.

ಆಮೇಲಿನ ದಿನಗಳಲ್ಲಿ ನಾನು ನಾನಾಗಿರಲಿಲ್ಲ. ಗಿರಣಿಯ ಭೋಂಗಾ ಕೂಗಿದರೆ ಬೆಚ್ಚಿಬೀಳುತ್ತಿದ್ದೆ. ಬಂದವರನ್ನು ಗೈರುಹಾಜರಿ ಎಂದು ಬರೆದು ಬೈಸಿಕೊಂಡೆ. ಒಂದು ಗಳಿಗೆ ಅಪ್ಪನ ಮೇಲೆ ಹೆಮ್ಮೆ ಉಕ್ಕುತ್ತಿತ್ತು. ಇಷ್ಟು ವರ್ಷ, ಇಷ್ಟು ಮಂದಿಯ ಎದುರು, ಒಬ್ಬೊಬ್ಬನ ಕೈಗೆ ಒಪ್ಪುವ ಹಾಗೆ ಆಡಿ, ಬೇಕಾದ ಗೇಮಿಗೆ ಬೇಕಾದಂತೆ ಸೋಲುವವನಿಗಿಂತ ದೊಡ್ಡವನು ಯಾರಿದ್ದಾನೆ? ಮರುಗಳಿಗೆ ಸಿಟ್ಟು ಬರುತ್ತಿತ್ತು. ಸಾಹೇಬರಿಗೆ ಮಾಡಿದ್ದನ್ನೇ ಹೊಟ್ಟೆಯ ಮಗನಿಗೂ ಮಾಡಿದನೇ?

ದಸರೆಯ ಹಿಂದಿನ ದಿನ ಯಾದಿ ಹಿಡಿದುಕೊಂಡು ಹೋದೆ. ಮಳೆ ನಿಂತು ಹದಿನೈದು ದಿನವಾಗಿತ್ತು. ಅಪ್ಪ ರೋಲರ್ ಎಳೆದು ಕೋರ್ಟನ್ನು ಗಟ್ಟಿ ಮಾಡಿದ್ದ. ಅವ್ವ ಕೊನೆಯ ಸಾರಣೆ ಮುಗಿಸುತ್ತಿದ್ದಳು. ಹಬ್ಬದ ದಿನ ನಾಲ್ಕು ಗಂಟೆಗೆ ಸಾಹೇಬರು ರಾಕೆಟ್ಟುಗಳ ಪೂಜೆ ಮಾಡಿ ಮೊದಲ ಚೆಂಡು ಹೊಡೆಯುವ ತನಕ ಅದರ ಮೇಲೆ ಯಾರೂ ಹೆಜ್ಜೆ ಇಡುವಂತಿಲ್ಲ. ಅಪ್ಪನನ್ನು ಖೋಲಿಯ ಹಿಂದಕ್ಕೆ ಕರೆದು ಯಾದಿ ಅವನ ಮುಂದೆ ಹಿಡಿದೆ.

ಅವನಿಗೆ ಓದು ಅಷ್ಟಕ್ಕಷ್ಟೇ, ಆದರೆ ಅಂಕಿ ತಿಳಿಯುತ್ತಿದ್ದವು. ನೋಡಿ ಮುಖ ತಗ್ಗಿಸಿದ.

"ಇದು ಏನಪ್ಪ?" ಎಂದೆ.

"ನಾ ಗೆದ್ರ ಅವ್ರು ನಾಳೆ ಆಡಾಕ ಬರಂಗಿಲ್ಲ. ಭಾಳ ಸೋತ್ರ ಸೈತ ಬರಂಗಿಲ್ಲ, ಬ್ಯಾಸರ ಆಗ್ತದ. ನಾಕು ಗೇಮ್ ನಾ ತಗೊಂಡ್ರ ಬೆವರು ಬರ್ತದ, ಊಟ ಸೇರತದ, ಮತ್ತ ಬರ್ತಾರ," ಎಂದ. "ಅದ ನನ್ನ ಕೆಲಸ."

"ಇವತ್ತ ಎಲ್ಲಾರಿಗೂ ಗೊತ್ತಾಗ್ತದ."

"ಗೊತ್ತಾದ್ರ ನಾಳಿಂದ ಯಾರೂ ನನ್ನ ಎದರಿಗೆ ನಿಂದ್ರಂಗಿಲ್ಲ, ತಮ್ಮಾ. ಈ ಕೋರ್ಟು ಬಿಡಬೇಕಾಗ್ತದ. ನನಗ ಮತ್ತೇನು ಬರ್ತದ ಹೇಳು?" ಅವನ ದನಿ ಸಣ್ಣದಾಯಿತು. "ಅಲ್ಲಲ್ಲಿ ಅಂಕಿ ಬದಲು ಮಾಡು. ವಕೀಲಸಾಹೇಬ್ರಿಗೆ ಎರಡು ಸಲ ಆರು-ಎರಡು ಹಾಕು. ಪಾಟೀಲ್ರು ಒಂದೆರಡು ಸೋತಂಗ ಬರಿ."

"ಸುಳ್ಳು ಆಟ ನೀ ಆಡಿದಿ. ಸುಳ್ಳು ಯಾದಿ ನಾ ಬರಿಯಂಗಿಲ್ಲ."

ಅದು ಒರಟು ಮಾತು. ಅಪ್ಪ ಕೈಯೊರೆಸಿಕೊಂಡು ಪಡಸಾಲೆಯ ಕುರ್ಚಿ ಹಾಕಲು ಹೋದ. ನನಗೆ ಬೇಕಾಗಿದ್ದೂ ಅದೇ, ಅವರೆಲ್ಲರ ಮುಖ ಇಳಿಯುವುದನ್ನು ನೋಡಬೇಕಾಗಿತ್ತು. ಯಾರಾದರೂ ಒಬ್ಬರು ಸೈದಪ್ಪ ಎಂಬ ಹೆಸರು ಹೇಳಬೇಕಾಗಿತ್ತು. ಅಪ್ಪ ಕೋರ್ಟು ಕಳೆದುಕೊಂಡರೂ ಸೋಲಾಪುರದಲ್ಲಿ ನಾನಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಐದಕ್ಕೆ ಮಂಡಳಿ ಸೇರಿತು. ವಕೀಲರು ಕನ್ನಡಕ ಏರಿಸಿ ಯಾದಿ ಓದತೊಡಗಿದರು. "ಡಾಕ್ಟರ್ ಕಲ್ಯಾಣಪ್ಪ, ಆರು-ನಾಕು." ಡಾಕ್ಟರು ಎದೆ ಸೆಟೆಸಿದರು. "ಶಾಂತಲಿಂಗಪ್ಪ, ಆರು-ನಾಕು." "ಮಲಕಾಜಪ್ಪ ಪಾಟೀಲ್, ಆರು-ನಾಕು." ಯಾರೋ ನಕ್ಕರು. ಐದಾರು ಹೆಸರಾದ ಮೇಲೆ ವಕೀಲರ ಓದು ನಿಧಾನವಾಯಿತು. ಹತ್ತನೆಯ ಹೆಸರಿಗೆ ನಿಂತಿತು. ಮೂವತ್ತು ವರ್ಷ ಸಾಕ್ಷಿಗಳನ್ನು ಪ್ರಶ್ನೆ ಮಾಡಿದ ಮನುಷ್ಯ. ಕನ್ನಡಕದ ಮೇಲಿಂದ ಕಂಬದ ಕಡೆ ನೋಡಿದರು. ಕಂಬಕ್ಕೆ ಒರಗಿದ್ದ ಅಪ್ಪ ತನ್ನ ಕಾಲ್ಬೆರಳು ನೋಡುತ್ತಿದ್ದ. ಕೈಯ ಟವಲನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದ. ಅದನ್ನು ಕಂಡಾಗ ನನ್ನ ಧೈರ್ಯವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಯಾದಿ ಕಸಿದುಕೊಂಡು ಓಡಬೇಕೆನಿಸಿತು.

ಅಷ್ಟರಲ್ಲಿ ಪಾಟೀಲರು ಗಹಗಹಿಸಿದರು. "ಅಂದ್ರ ನಾವೆಲ್ಲಾರೂ ಸರೀಸಮ ಅದೀವಿ. ಇಂಥಾ ಕ್ಲಬ್ಬು ಎಲ್ಲೆರ ಅದ ಏನ್ರಿ?"

"ಸೈದಪ್ಪನ ಅಳತಿ ಬರೋಬ್ಬರಿ ಅದ," ಎಂದರು ಡಾಕ್ಟರು. "ನಾಕು ಗೇಮಿನ ಆಟಗಾರ. ಐದನೇದು ಅಂವನ ಹಣ್ಯಾಗ ಬರದಿಲ್ಲ."

ಪಡಸಾಲೆ ತುಂಬ ನಗೆ. ಅಪ್ಪನೂ ನಕ್ಕ. ಎಲ್ಲರಿಗಿಂತ ಹೆಚ್ಚು ಅವನೇ ನಕ್ಕ. ನಾನು ಮೆಟ್ಟಿಲಿನಿಂದ ಎದ್ದು ನಿಂತೆ. ಬಾಯಿ ತೆರೆಯುವುದರೊಳಗೆ ವಕೀಲರು ಯಾದಿ ಮಡಿಚಿ ನನ್ನ ಕೈಗಿಟ್ಟರು. "ಅಕ್ಷರ ಛಲೋ ಅದಾವ, ಭಗವಂತ. ಇದನ್ನ ದಫ್ತರದಾಗ ಇಟ್ಟು, ಕಪಾಟಿಗೆ ಕೀಲಿ ಹಾಕು. ಇನ್ನ ತಗೀಬ್ಯಾಡ." ಅವರ ಕಣ್ಣು ನನ್ನ ಕಣ್ಣಲ್ಲೇ ಇತ್ತು. ಅವರಿಗೆ ತಿಳಿದಿತ್ತು. ಹಲಗೆಯ ಮೇಲೆ ಮೂವತ್ತೊಂದು ಹೆಸರನ್ನೂ ಬರೆಸುವುದೆಂದು ಠರಾವಾಗಿ, ಹಲಗೆ ಚಿಕ್ಕದಾಯಿತೆಂದು ದೊಡ್ಡದನ್ನು ಮಾಡಿಸಲು ಹೇಳಿ ಎಲ್ಲರೂ ಮನೆಗೆ ಹೋದರು.

ಅಪ್ಪ ಕುರ್ಚಿ ಮಡಿಚುತ್ತಿದ್ದ. ಅವನ ಕೋರ್ಟು ಉಳಿದಿತ್ತು. ನನಗೆ ಮಾತ್ರ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

"ನನ್ನ ಜೋಡಿ ಆಡಿದ್ದೂ ಹಂಗ ಏನಪ್ಪ?"

ಅವನು ಎರಡು ಕುರ್ಚಿ ಮಡಿಚಿ ಗೋಡೆಗೆ ಆನಿಸಿದ. ಮೂರನೆಯದನ್ನು ಮಡಿಚಲಿಲ್ಲ, ಅದರ ಬೆನ್ನು ಹಿಡಿದು ನಿಂತ.

"ನೀ ಅವತ್ತ ಸೋತಿದ್ರ ಇಲ್ಲೇ ಉಳೀತಿದ್ದಿ. ನಿಂದು ಹಟ ನನಗ ಗೊತ್ತದ. ನನ್ನ ಸೋಲಸೂ ತನಕ ಕಲೀತಿದ್ದಿ, ಕಲ್ತು ಮಾರ್ಕರ್ ಆಗ್ತಿದ್ದಿ. ನನ್ನಂಗ ಟವಲ್ ಹಿಡ್ಕೊಂಡು ನಿಂದ್ರತಿದ್ದಿ," ಎಂದ. "ಇಲ್ಲಿ ಕಲಿಯೂದು ಏನೂ ಉಳಿದಿಲ್ಲ ಅಂತ ತಿಳ್ಕೊಂಡು ಹೋಗ್ಲಿ ಅಂದೆ. ಹೋದಿ. ಕಾರಕೂನ ಆದಿ."

ಆ ಮೂರನೆಯ ಕುರ್ಚಿಯನ್ನು ನಾನೇ ಮಡಿಚಿ ಗೋಡೆಗೆ ಆನಿಸಿದೆ. ಆದರೂ ಕಾಲಲ್ಲಿ ಇರುವೆ ಹರಿದಂಥ ಆ ಚಡಪಡಿಕೆ ಹೋಗಲಿಲ್ಲ.

"ಒಂದ ಸಲ ಖರೇ ಆಡು ನನ್ನ ಜೋಡಿ."

"ಹುಚ್ಚ ಅದೀಯೇನು? ಕೋರ್ಟು ಸಾರಿಸ್ಯಾಳ ನಿಮ್ಮವ್ವ. ನಾಳೆ ಸಾಹೇಬ್ರು ಇಳಿಯೂ ತನಕ ಮುಟ್ಟಾಂಗಿಲ್ಲ."

"ಒಂದ ಸೆಟ್ಟು, ಅಪ್ಪ."

ಅವನು ಕೋರ್ಟಿನ ಕಡೆ ಒಮ್ಮೆ ನೋಡಿದ. "ಹೊತ್ತು ಹುಟ್ಟೂದಕ್ಕ ಬಾ," ಎಂದ.

ಹಬ್ಬದ ಮುಂಜಾನೆ ಕೋರ್ಟು ಒಣಗಿ ಹಸಿರು-ಬೂದಿ ಬಣ್ಣಕ್ಕೆ ತಿರುಗಿತ್ತು, ಸುಣ್ಣದ ಗೆರೆ ಬಿಟ್ಟರೆ ಒಂದು ಗುರುತೂ ಇಲ್ಲದೆ ನುಣ್ಣಗಿತ್ತು. ನಮ್ಮ ಕೋರ್ಟು ಪೂರ್ವ-ಪಶ್ಚಿಮ ಹಾಸಿದ್ದು, ಹೀಗಾಗಿ ಒಬ್ಬನ ಕಣ್ಣಿಗೆ ಯಾವಾಗಲೂ ಬಿಸಿಲು. ಸಂಜೆ ಸಾಹೇಬರು ಬಂದಾಗ ಅಪ್ಪ ಪೂರ್ವದ ತುದಿಯಲ್ಲಿ ನಿಂತು ಮುಳುಗುವ ಸೂರ್ಯನನ್ನು ತನ್ನ ಕಣ್ಣಿಗೆ ತೆಗೆದುಕೊಳ್ಳುತ್ತಿದ್ದ. ಆಟ ಮುಗಿಯುವ ತನಕ ಕಡೆ ಬದಲಿಸುತ್ತಿರಲಿಲ್ಲ. ಈಗ ಮುಂಜಾನೆ, ಬಿಸಿಲು ಪೂರ್ವದಿಂದ. ಅವನು ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು, ನನ್ನನ್ನು ಕೇಳದೆಯೇ ಪಶ್ಚಿಮದ ತುದಿಗೆ ನಡೆದ.

"ಇವತ್ತ ಬಿಸಿಲಿನ ಕಡಿ ನಾ ನಿಂದ್ರತೀನಿ," ಎಂದೆ.

"ನನಗ ರೂಢಿ ಅದ. ನೀ ಹೊಡಿ."

ಹೊಡೆದೆ. ಚೆಂಡು ನಾನು ಇಲ್ಲದ ಕಡೆ ಹೋಯಿತು. ಓಡಿ ಮುಟ್ಟಿದರೆ ಅದರಾಚೆ ಹೋಯಿತು. ಐವತ್ತಾರು ವರ್ಷದ ಅಪ್ಪ ಓಡುತ್ತಲೇ ಇರಲಿಲ್ಲ. ನಾನು ಎಲ್ಲಿಗೆ ಹೊಡೆದರೂ ಚೆಂಡು ಅವನ ಕಾಲ ಹತ್ತಿರವೇ ಬಂದು ಬೀಳುತ್ತಿತ್ತು. ಹಾಗೆ ಹೊಡೆಯುವಂತೆ ನನ್ನನ್ನು ಆಡಿಸುತ್ತಿದ್ದಾನೆಂದು ತಿಳಿಯುವಷ್ಟರಲ್ಲಿ ಮೂರು ಗೇಮು ಹೋಗಿದ್ದವು. ಐದು ವರ್ಷ ಸೋಲಾಪುರದಲ್ಲಿ ಕಲಿತದ್ದೆಲ್ಲ ತೆಗೆದೆ. ಜಾರಿ ಬಿದ್ದೆ, ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದೆ. ಕೊನೆಯ ಗೇಮಿನಲ್ಲಿ ನಲವತ್ತು ಅಂಕದವರೆಗೆ ಹೋದೆ. ಅವನ ಮುಖದಲ್ಲಿ ನಾನು ಎಂದೂ ನೋಡದ ಒಂದು ಗಾಂಭೀರ್ಯ ಇತ್ತು. ಇಪ್ಪತ್ತೈದು ವರ್ಷ ಯಾರಿಗೂ ತೋರಿಸದ ಮುಖ ಅದು. ಮುಂದಿನ ಚೆಂಡು ಮೂಲೆಯ ಸುಣ್ಣ ಮುಟ್ಟಿ ಹೋಯಿತು. ಆರು ಗೇಮು ಅವನವು. ನನ್ನದು ಒಂದೂ ಇಲ್ಲ.

ನೆಟ್ಟು ಹಿಡಿದು ನಿಂತು ಉಸಿರು ಬಿಡುತ್ತಿದ್ದೆ. ಸೋತಿದ್ದೆ, ಆದರೆ ಎಷ್ಟೋ ದಿನಗಳ ಮೇಲೆ ನನ್ನ ಕಾಲು ನಿಂತಲ್ಲಿ ನಿಂತಿದ್ದವು. ಅಪ್ಪ ಹತ್ತಿರ ಬಂದು ತನ್ನ ಟವಲು ನನಗೆ ಕೊಟ್ಟ.

ಅಷ್ಟರಲ್ಲಿ ಅವ್ವ ಹಬ್ಬದ ಅಂಗಳ ಸಾರಿಸಲೆಂದು ಸೆಗಣಿ ಬುಟ್ಟಿ ಹೊತ್ತು ಬಂದಳು. ಸಾರಿಸಿದ ಕೋರ್ಟಿನ ಮೇಲೆ ನಮ್ಮಿಬ್ಬರನ್ನು ಕಂಡು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಬುಟ್ಟಿ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಕೇಳಿದಳು:

"ಯಾರು ಗೆದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿಬಿಟ್ಟ. "ಆರು-ನಾಕು. ಅಂವ ಗೆದ್ದ."

ಅವ್ವ ಅಪ್ಪ ಆಡಿದ ಪಶ್ಚಿಮದ ಕಡೆ ನೋಡಿದಳು. ಅಲ್ಲಿ ಹಿಂದಿನ ಗೆರೆಯ ನಡುವೆ ಒಂದು ಚಾಪೆಯಷ್ಟು ಜಾಗ ಮಾತ್ರ ತುಳಿದಿತ್ತು, ಉಳಿದದ್ದೆಲ್ಲ ರಾತ್ರಿ ಬಿಟ್ಟ ಹಾಗೇ ನುಣ್ಣಗಿತ್ತು. ಆಮೇಲೆ ನನ್ನ ಕಡೆ ನೋಡಿದಳು. ಮೂಲೆಯಿಂದ ಮೂಲೆಗೆ ಕಿತ್ತು ಹೋಗಿತ್ತು. ಜಾರಿದ ಗುರುತು, ಬಿದ್ದ ಗುರುತು, ತಿರುಗಿ ಓಡಿದ ಗುರುತು.

"ಹೌದ, ಕಾಣಸ್ತದ," ಎಂದಳು. ಬುಟ್ಟಿಯಿಂದ ಒಂದು ಹಿಡಿ ಸೆಗಣಿ ತೆಗೆದುಕೊಂಡು ಅಪ್ಪನ ಕಡೆಗೆ ಹೊರಟು, ಉಳಿದ ಬುಟ್ಟಿಯನ್ನು ಕಾಲಿನಿಂದ ನನ್ನತ್ತ ಸರಿಸಿದಳು. "ನಿಂದು ನೀ ಸಾರಸು. ನಾಕು ಗಂಟೆಕ್ಕ ಸಾಹೇಬ್ರು ಬರ್ತಾರ."